ಹೇಳಿದ ದಿನ ಬ್ಲೌಸು ಕೊಟ್ಟವಳು

ಭಾನುವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ನಾನು ಮಂತ್ರಗಾತಿ. ವಾರದ ಉಳಿದ ದಿನ ಕಾಲೇಜಿನ ಲೈಬ್ರರಿಯಲ್ಲಿ ಕೂತು ಪುಸ್ತಕದ ಮೂಲೆ ಮಡಿಸುವವರನ್ನು ಬೈಯುವ ಕೆಲಸ. ನಲವತ್ತೆಂಟು ವರ್ಷಕ್ಕೆ ಇದೇನು ಹುಚ್ಚು ಎಂದು ಕೇಳುವವರಿಗೆ ನನ್ನ ಹತ್ತಿರ ಉತ್ತರವಿಲ್ಲ, ಸಿಟ್ಟಿದೆ.

ಇದಕ್ಕೆ ನನ್ನನ್ನು ಎಳೆದವಳು ನಮ್ಮ ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್. ವಿದ್ಯಾರಣ್ಯಪುರಂನ ಅವಳ ಬಾಡಿಗೆ ಮನೆಯಲ್ಲಿ ಆಟ. ಅವಳು ಕಥೆ ನಡೆಸುತ್ತಾಳೆ, ಉಳಿದವರು ಅದರೊಳಗೆ ಒಂದೊಂದು ಪಾತ್ರ. ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ‘ನೀವು ಸ್ಟೂಡೆಂಟ್ಸ್‌ನ ಬೈಯೋದು ಕೇಳಿದ್ದೀನಿ ಮೇಡಂ, ನಾಟಕ ಚೆನ್ನಾಗಿ ಬರುತ್ತೆ ನಿಮಗೆ, ಬನ್ನಿ’ ಎಂದು ಕರೆದಳು. ಹೊಗಳಿದಳೋ ತೆಗಳಿದಳೋ ಗೊತ್ತಾಗದೆ ಹೋಗಿಬಿಟ್ಟೆ.

ಅವಳ ಕಥೆಯ ರಾಜ್ಯದಲ್ಲಿ ಮಂತ್ರವಿದ್ಯೆಗೆ ನಿಷೇಧ. ಸಿಕ್ಕಿಬಿದ್ದವರು ಗಡೀಪಾರು. ಆದ್ದರಿಂದ ಮಂತ್ರ ಬಲ್ಲವರೆಲ್ಲ ಊರ ಕಣ್ಣಿಗೆ ಒಂದು ಕಸುಬು ಇಟ್ಟುಕೊಳ್ಳಬೇಕು. ನಮ್ಮ ಜೊತೆ ಆಡುವ ದಂತವೈದ್ಯರು ಒಂದು ಕ್ಷಣವೂ ಯೋಚಿಸದೆ ನಾಟಿ ಔಷಧಿಯವನಾಗುತ್ತೇನೆ ಎಂದರು.

‘ಸರ್, ಬೇರು ಅರೆಯೋನ ಮೇಲೇ ಮೊದಲು ಅನುಮಾನ ಬರೋದು’ ಎಂದು ಅವಳು ನಕ್ಕಳು. ‘ಎಲ್ಲರ ಮನೆ ಒಳಗೂ ಹೋಗಬೇಕು, ಆದ್ರೆ ಯಾರೂ ಮುಖ ನೋಡಬಾರದು, ಅಂಥ ಕೆಲಸ ಹೇಳಿ.’

ನನಗೆ ಥಟ್ಟನೆ ಹೊಳೆದದ್ದು ಟೈಲರ್ ಕೆಲಸ. ಬ್ಲೌಸು ಹೊಲಿಯುವವಳು ರಾಣಿಯ ಸುತ್ತಳತೆಯನ್ನೂ ಕೇಳಬಹುದು. ಕೈಯಲ್ಲಿ ಕತ್ತರಿ ಹಿಡಿದು ಅಂತಃಪುರಕ್ಕೆ ಹೋದರೂ ಯಾರೂ ಹೆದರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಗೊಣಗುತ್ತಿದ್ದರೆ ಅದು ಮಂತ್ರವೆಂದು ಯಾರಪ್ಪನಿಗೂ ಗೊತ್ತಾಗುವುದಿಲ್ಲ. ದಂತವೈದ್ಯರು ಚಪ್ಪಾಳೆ ತಟ್ಟಿದರು. ನಾನು ಬೀಗಿದೆ.

ಆದರೆ ಮನೆಯಲ್ಲಿ ಇನ್ನೊಂದು ರಾಜ್ಯವಿತ್ತು. ಅಲ್ಲಿಯೂ ಮಂತ್ರಕ್ಕೆ ನಿಷೇಧ. ನಮ್ಮತ್ತೆ ರಸ್ತೆಯಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ಸಾಕು, ಮಾಟವೇ ಇರಬೇಕೆಂದು ಒಂದು ಫರ್ಲಾಂಗು ಸುತ್ತಿ ಬರುವವರು. ಅವರ ಹತ್ತಿರ ‘ನಾನು ಮಂತ್ರಗಾತಿಯಾಗಲು ಹೋಗುತ್ತಿದ್ದೇನೆ’ ಎಂದು ಹೇಳುವುದುಂಟೆ? ಆಮೇಲೆ ನನ್ನ ಭಾನುವಾರ ಮುಗಿದಂತೆಯೇ. ಇಷ್ಟು ವರ್ಷಗಳಲ್ಲಿ ಯಾರ ತಿಂಡಿಗೂ, ಯಾರ ಮಾತ್ರೆಗೂ ಸೇರದ ಮೂರು ಗಂಟೆ ನನಗೆ ಸಿಕ್ಕಿದ್ದು ಅದೊಂದೇ. ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಎರಡನೆಯ ಭಾನುವಾರ ಚಪ್ಪಲಿ ಮೆಟ್ಟುವಾಗ ಅತ್ತೆ ಕೇಳಿದರು. ‘ಎಲ್ಗೆ ಕಣವ್ವ ವಾರವಾರ?’

ಸತ್ಯದ ತಲೆ ಮೇಲೆ ಹೊಡೆದ ಹಾಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಎರಡೆರಡು ಸುಳ್ಳು ನೆನಪಿಟ್ಟುಕೊಳ್ಳುವ ಬುದ್ಧಿಯೂ ಇಲ್ಲ. ಆಟದ ಸುಳ್ಳೇ ಬಾಯಿಗೆ ಬಂತು. ‘ಹೊಲಿಗೆ ಕ್ಲಾಸಿಗೆ ಅತ್ತೆ’ ಅಂದೆ.

ಇಡೀ ಮೈಸೂರಿನಲ್ಲಿ ಹೊಲಿಗೆಯ ಸುಳ್ಳು ಹೇಳಬಾರದ ಒಬ್ಬರೇ ಒಬ್ಬರಿದ್ದರೆ ಅದು ನಮ್ಮತ್ತೆ. ಲಷ್ಕರ್ ಮೊಹಲ್ಲಾದಲ್ಲಿದ್ದಾಗ ಅಕ್ಕಪಕ್ಕದ ಬೀದಿಯವರ ರವಿಕೆಗಳನ್ನೆಲ್ಲ ಹೊಲಿದವರು ಅವರು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದ ಮೇಲೆ ಬಿಟ್ಟಿದ್ದರು. ಅವರ ಕಾಲುಮಿಷನ್ನು ನಡುಮನೆಯ ಮೂಲೆಯಲ್ಲಿ, ಮೇಲೊಂದು ಟೇಬಲ್ ಕ್ಲಾತು ಹೊದ್ದುಕೊಂಡು, ಮಾತ್ರೆ ಡಬ್ಬಿಗೂ ಫೋನಿನ ಚಾರ್ಜರಿಗೂ ಜಾಗ ಕೊಟ್ಟುಕೊಂಡು ನಿಂತಿತ್ತು. ಅದು ಮಿಷನ್ನು ಎನ್ನುವುದೇ ನನಗೆ ಮರೆತುಹೋಗಿತ್ತು.

‘ಒಲ್ಗೆಯಾ?’ ಎಂದರು ಅತ್ತೆ. ಅವರ ಮುಖ ಅರಳಿತು. ನಾನು ಅದನ್ನು ನೋಡಿಯೂ ನೋಡದವಳಂತೆ ಬಸ್ಸು ಹಿಡಿಯಲು ಓಡಿದೆ.

ನಾಲ್ಕನೆಯ ಭಾನುವಾರ ಆಟದಲ್ಲಿ ಅನಾಹುತವಾಯಿತು. ಮಂತ್ರಿಯ ಹೆಂಡತಿ ಹಬ್ಬಕ್ಕೆಂದು ರವಿಕೆ ಹೊಲಿಯಲು ಕೊಟ್ಟಳು. ನಾನು ಗುರುವಾರ ಕೊಡುತ್ತೇನೆ ಎಂದೆ. ಗುರುವಾರ ಕೊಟ್ಟೆ. ತೋಳು, ಕುತ್ತಿಗೆ, ಸೊಂಟ ಎಲ್ಲ ಒಂದೇ ಸಲಕ್ಕೆ ಸರಿಯಾಗಿ ಕೂತಿತು. ನಾನು ಹೆಮ್ಮೆಯಿಂದ ಹೇಳಿ ಮುಗಿಸುವಷ್ಟರಲ್ಲಿ ಕೆಮಿಸ್ಟ್ರಿಯವಳು ಕೆನ್ನೆಗೆ ಕೈಯಿಟ್ಟುಕೊಂಡು ಕೂತಿದ್ದಳು.

‘ಹಬ್ಬದ ಹಿಂದಿನ ವಾರ, ಹೇಳಿದ ದಿನಕ್ಕೆ ಕೊಟ್ರಾ ಮೇಡಂ?’

‘ಹೂಂ.’

‘ಆಲ್ಟರೇಶನ್ ಇಲ್ಲದೆ?’

‘ಹೂಂ ಕಣಮ್ಮ.’

‘ಊರಿಗೆ ಊರೇ ನಿಮ್ಮ ಬಾಗಿಲಲ್ಲಿ ಬಂದು ನಿಂತಿದೆ ಮೇಡಂ. ರಾಜನ ಗೂಢಚಾರನೂ ಬಂದಿದ್ದಾನೆ. ಇದು ಮನುಷ್ಯರ ಕೈಲಿ ಆಗೋ ಕೆಲಸ ಅಲ್ಲ ಅಂತ ಎಲ್ರೂ ಹೇಳ್ತಿದ್ದಾರೆ.’

ಅನ್ಯಾಯ ಎಂದು ಕೂಗಾಡಿದೆ. ಕೂಗಾಡಿ ಸಾಕಾದ ಮೇಲೆ ದೇವರಾಜ ಮೊಹಲ್ಲಾದ ನಮ್ಮ ಟೈಲರ್ ನೆನಪಾದರು. ಹದಿನಾರು ವರ್ಷಗಳಲ್ಲಿ ಅವರು ಒಮ್ಮೆಯೂ ಹೇಳಿದ ದಿನ ಕೊಟ್ಟಿಲ್ಲ. ಒಮ್ಮೆಯೂ ಅವರನ್ನು ಯಾರೂ ಮಂತ್ರವಾದಿ ಎಂದು ಅನುಮಾನಿಸಿಲ್ಲ. ದಾಳ ಉರುಳಿಸಿದೆ, ಹದಿನೇಳು ಬಿತ್ತು. ಹಿತ್ತಲ ಬಾಗಿಲಿನಿಂದ ಬೇರೆ ಊರಿಗೆ ಪಾರಾದೆ.

ಅದೇ ವಾರ ಅತ್ತೆ ಗಿಳಿಹಸಿರು ರೇಷ್ಮೆಯ ಬ್ಲೌಸ್ ಪೀಸೊಂದನ್ನು, ಅಳತೆಗೆ ತಮ್ಮದೇ ಹಳೆಯ ರವಿಕೆಯೊಂದನ್ನು ನನ್ನ ಕೈಗಿಟ್ಟರು. ಅವರ ತಮ್ಮನ ಮೊಮ್ಮಗಳ ಸೀಮಂತ ಇನ್ನು ಹದಿನೈದು ದಿನಕ್ಕೆ. ‘ನೀನೇ ಒಲ್ಕೊಡು ಕಣವ್ವ, ಎಂಗಿದ್ರೂ ಪರವಾಗಿಲ್ಲ’ ಎಂದರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮಾರನೆಯ ದಿನವೇ ಅದನ್ನು ಗುಟ್ಟಾಗಿ ನಮ್ಮ ಟೈಲರಿಗೆ ಒಪ್ಪಿಸಿದೆ. ಅವರು ಗುರುವಾರ ಎಂದರು. ಗುರುವಾರ ಹೋದರೆ, ಕರೆಂಟಿರಲಿಲ್ಲ ಮೇಡಂ ಎಂದರು. ಮನೆಗೆ ಬಂದು ಅತ್ತೆಗೆ ಕ್ಲಾಸಿನಲ್ಲಿ ಕರೆಂಟಿರಲಿಲ್ಲ ಎಂದೆ. ಸೋಮವಾರ ಅವರು ಲೈನಿಂಗು ತರಬೇಕು ಎಂದರು, ನಾನೂ ಲೈನಿಂಗು ತರಬೇಕು ಎಂದೆ. ಬುಧವಾರ ಹುಕ್ಕಿನ ಕಾಜ ಒಂದೇ ಬಾಕಿ ಎಂದರು, ನನಗೂ ಕಾಜ ಒಂದೇ ಬಾಕಿಯಾಯಿತು. ಅತ್ತೆ ಪ್ರತಿಸಲವೂ ತಲೆಯಾಡಿಸಿದರು. ಆಟದಲ್ಲಿ ಕಲಿತ ಪಾಠ ಮನೆಯಲ್ಲಿ ಇಷ್ಟು ಚೆನ್ನಾಗಿ ಒದಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಒಳಗೊಳಗೇ ಖುಷಿಪಟ್ಟೆ, ನಾಚಿಕೆಯಿಲ್ಲದೆ.

ಶುಕ್ರವಾರ ಸಂಜೆ, ಸೀಮಂತಕ್ಕೆ ಎರಡೇ ದಿನವಿರುವಾಗ, ಟೈಲರ್ ಅಂಗಡಿಗೆ ನುಗ್ಗಿದೆ. ಕಾಜ ಬಾಕಿಯಿದ್ದ ಬ್ಲೌಸು ಗಂಟಿನೊಳಗಿಂದ ಹೊರಬಂತು. ಕತ್ತರಿಯೇ ತಾಗಿರಲಿಲ್ಲ. ಪಿನ್ನು ಚುಚ್ಚಿ ಸಿಕ್ಕಿಸಿದ ನನ್ನ ಹೆಸರಿನ ಚೀಟಿ ಹಾಗೆಯೇ ಇತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬೈಯುತ್ತ ಬೈಯುತ್ತಲೇ, ಇದೆಲ್ಲ ನನಗೇ ಅನ್ವಯಿಸುತ್ತದೆ ಎಂದು ಹೊಳೆದು ಬಾಯಿ ಮುಚ್ಚಿಕೊಂಡು ಪೀಸು ಕಿತ್ತುಕೊಂಡು ಬಂದೆ.

ಮನೆಯೊಳಗೆ ಕಾಲಿಟ್ಟರೆ ಎಣ್ಣೆಯ ವಾಸನೆ. ಮಿಷನ್ನು ಕಿಟಕಿಯ ಪಕ್ಕ ಬಂದು ನಿಂತಿತ್ತು. ಟೇಬಲ್ ಕ್ಲಾತು ಇಲ್ಲ, ಚಾರ್ಜರ್ ಇಲ್ಲ. ಹೊಸ ಬೆಲ್ಟು ಹಾಕಿತ್ತು. ಅತ್ತೆ ಪಕ್ಕದಲ್ಲಿ ಮಂಜಾದ ಕಣ್ಣುಗಳನ್ನು ಕಿರಿದು ಮಾಡಿಕೊಂಡು ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು.

‘ರಿಪೇರಿಯೋನ್ನ ಕರ್ಸಿದ್ದೆ ಕಣವ್ವ. ಕ್ಲಾಸಲ್ಲಿ ತೊಂದ್ರೆ ಆದ್ರೆ ಮನೇಲೇ ಒಲ್ಕೊ. ನಾನು ಪಕ್ಕದಲ್ಲಿ ಕೂತ್ಕತೀನಿ.’

ನನಗೆ ಅಳು ಬಂದುಬಿಟ್ಟಿತು. ಕತ್ತರಿ ತಾಗದ ಪೀಸನ್ನು ಅವರ ಮಡಿಲಲ್ಲಿಟ್ಟು ಎಲ್ಲವನ್ನೂ ಹೇಳಿದೆ. ವಿದ್ಯಾರಣ್ಯಪುರಂ, ದಾಳ, ಮಂತ್ರಿಯ ಹೆಂಡತಿ, ಗೂಢಚಾರ, ಕಾಜ, ಎಲ್ಲ.

ಅತ್ತೆ ದಾರ ಕೆಳಗಿಟ್ಟರು. ‘ಮಾಟ ಮಾಡ್ತೀಯಾ?’ ಎಂದು ಕೇಳಿದರು.

‘ಇಲ್ಲ ಅತ್ತೆ, ಆಟ. ಬರೀ ಬಾಯಲ್ಲಿ.’

‘ನಿಂಬೆಹಣ್ಣು?’

‘ಮಧ್ಯದಲ್ಲಿ ಶರಬತ್ತು ಕೊಡ್ತಾಳೆ, ಅಷ್ಟೇ.’

ಅತ್ತೆಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ‘ಕ್ಲಾಸಲ್ಲ ಅಂತ ಮೊದ್ಲೇ ಗೊತ್ತಿತ್ತು ಬುಡು’ ಎಂದರು. ‘ಒಲ್ಗೆ ಕಲಿಯೋಳು ಮನೆಗೆ ಬಂದ್ರೆ ಮೈಮೇಲೆ ದಾರದ ಚೂರು ಇರ್ತವೆ. ನಿನ್ ಸೀರೆ ಮೇಲೆ ಒಂದೆಳೆ ಇರ್ತಿರ್ಲಿಲ್ಲ.’

‘ಗೊತ್ತಿದ್ದೂ ಮಿಷನ್ ಯಾಕೆ ರಿಪೇರಿ ಮಾಡಿಸಿದ್ರಿ ಅತ್ತೆ?’

‘ಸುಳ್ಳಾದ್ರೂ ಒಲ್ಗೆ ಅಂದ್ಯಲ್ಲವ್ವ. ಕೇಳಿ ಆಸೆ ಆಗೋಯ್ತು.’

ಶನಿವಾರ ಅವರು ಹೊಲಿದರು. ನಾನು ದಾರ ಪೋಣಿಸಿದೆ, ಅವರು ಬೆರಳಲ್ಲಿ ತಡವಿ ತೋರಿಸಿದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಬೈಸಿಕೊಂಡೆ. ಸಂಜೆಗೆ ರವಿಕೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ದೇವರಾಜ ಮೊಹಲ್ಲಾದವರು ನೋಡಿದ್ದರೆ ಅಂಗಡಿ ಮುಚ್ಚುತ್ತಿದ್ದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೆಳಗಿನ ಎರಡು ಹುಕ್ಕು ಕಿತ್ತು ಸೊಟ್ಟಗೆ ಹೊಲಿದರು.

‘ಅಯ್ಯೋ, ಯಾಕತ್ತೆ?’

‘ನಾಕೈದು ವಾರ ಕಲ್ತೋಳು ಇಷ್ಟು ನೀಟಾಗಿ ಒಲುದ್ರೆ ಯಾರವ್ವ ನಂಬ್ತಾರೆ?’

ಸೀಮಂತದಲ್ಲಿ ಅವರು ಸೆರಗು ಸರಿಸಿ ಸರಿಸಿ ಆ ಸೊಟ್ಟ ಹುಕ್ಕುಗಳನ್ನು ಎಲ್ಲರಿಗೂ ತೋರಿಸಿದರು. ‘ನನ್ ಸೊಸೆ ಒಲ್ದಿದ್ದು, ಇನ್ನೂ ಕಲೀತಾವ್ಳೆ, ಭಾನ್ವಾರ ಭಾನ್ವಾರ ಕ್ಲಾಸು’ ಎಂದರು. ನಾನು ಎಲೆಯ ಮೇಲಿನ ಕೋಸಂಬರಿಯತ್ತ ಮುಖ ತಗ್ಗಿಸಿ ಕೂತಿದ್ದೆ.

ಮುಂದಿನ ಭಾನುವಾರ ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ‘ಇರು’ ಎಂದರು. ಮಿಷನ್ನಿನ ಕೆಳಗಿಂದ ಆರಿಸಿದ ಮೂರು ನಾಲ್ಕು ಗಿಳಿಹಸಿರು ದಾರದ ಚೂರುಗಳನ್ನು ನನ್ನ ಹೆಗಲ ಮೇಲೆ ಒತ್ತಿ ಅಂಟಿಸಿದರು. ‘ಬರುವಾಗ ಎದುರುಮನೆಯೋರು ಬಾಗಿಲಲ್ಲೇ ಕೂತಿರ್ತಾರೆ. ಉದುರಿಸ್ಕಬ್ಯಾಡ.’

ಆಟ ಶುರುವಾಗುವ ಮುಂಚೆ ಕೆಮಿಸ್ಟ್ರಿಯವಳು ಕೇಳಿದಳು. ‘ಹೊಸ ಊರಿಗೆ ಬಂದಿದ್ದೀರಿ ಮೇಡಂ. ಇಲ್ಲಿ ಏನು ಕಸುಬು?’

‘ಟೈಲರೇ’ ಎಂದೆ. ‘ಈ ಸಲ ಹೇಳಿದ ದಿನ ಕೊಡಲ್ಲ.’

ಅವಳು ನಗುತ್ತ, ‘ಹೆಗಲ ಮೇಲೆ ಏನೋ ದಾರ’ ಎಂದು ತೆಗೆಯಲು ಬಂದಳು. ನಾನು ಅವಳ ಕೈ ಹಿಡಿದುಕೊಂಡೆ.

‘ಇರಲಿ ಬಿಡು ಕಣಮ್ಮ. ನಮ್ಮತ್ತೆ ಹಾಕಿ ಕಳಿಸಿದ್ದು.’