ನನ್ನ ಪಾಲಿನ ತಾಟು

ತಿನ್ನುವ ವಿಷಯದಲ್ಲಿ ನಾನು ಹುಟ್ಟು ಹಟಮಾರಿ. ಹಸಿ ಉಳ್ಳಾಗಡ್ಡಿಯ ವಾಸನೆ ಬಂದರೆ ತಾಟು ಬಿಟ್ಟು ಏಳುತ್ತಿದ್ದೆ. ರೊಟ್ಟಿಗೆ ಪಲ್ಯದ ರಸ ತಾಗಿದರೆ ಆ ತುಂಡನ್ನು ಮುರಿದು ಬದಿಗಿಡುತ್ತಿದ್ದೆ. ಕಮಲಾಪುರದ ತವರಿನಲ್ಲಿ ಇದೆಲ್ಲ ನಡೆಯಿತು. ಬಿಸಿ ರೊಟ್ಟಿ, ಬೆಣ್ಣೆ, ನಮ್ಮ ತೋಟದ ಕೆಂಪು ಬಾಳೆಹಣ್ಣು, ಇಷ್ಟರಲ್ಲೇ ಹದಿನಾರು ವರ್ಷ ಬೆಳೆದೆ. ಮನೆಯವರು ಬೈಯುತ್ತಿದ್ದರು, ಆದರೂ ಕೊಡುತ್ತಿದ್ದರು.

ಕಲಬುರಗಿಯ ಗಾಜಿಪುರಕ್ಕೆ ಸೊಸೆಯಾಗಿ ಬಂದ ಮೇಲೆ ಗೊತ್ತಾಯಿತು, ಆ ಮನೆಯಲ್ಲಿ ನನಗೆ ತಾಟೇ ಇಲ್ಲ ಎಂದು. ಗಂಡ ಉಂಡೆದ್ದ ತಾಟಿನಲ್ಲಿ ಹೆಂಡತಿ ಉಣ್ಣಬೇಕು. ನಮ್ಮವರು ಒಳ್ಳೆಯ ಮನುಷ್ಯ, ಆದರೆ ಊಟಕ್ಕೆ ಕೂತರೆ ಉಳ್ಳಾಗಡ್ಡಿ ಗುದ್ದಿಕೊಂಡು, ಅನ್ನ ಸಾರು ಮೊಸರು ಎಲ್ಲವನ್ನೂ ಒಂದೇ ಕಡೆ ಕಲಸಿಬಿಡುವವರು. ಆ ತಾಟಿನ ಮುಂದಿನಿಂದ ಎಂಟು ತಿಂಗಳು ಅರೆಹೊಟ್ಟೆಯಲ್ಲಿ ಎದ್ದಿದ್ದೇನೆ. ಕುಪ್ಪಸಗಳೆಲ್ಲ ಸಡಿಲವಾದವು. ಬೇರೆ ತಾಟು ಕೇಳಿದಾಗಲೆಲ್ಲ ಅತ್ತೆಯ ಉತ್ತರ ಒಂದೇ: “ಅದು ಪ್ರಸಾದ ಅಂತ ತಿಳಕೋ.” ಪ್ರಸಾದಕ್ಕೆ ಇಷ್ಟು ಉಳ್ಳಾಗಡ್ಡಿ ಯಾರು ಹಾಕುತ್ತಾರೆ ಎಂದು ಕೇಳಿ ಒಮ್ಮೆ ಚೆನ್ನಾಗಿ ಬೈಸಿಕೊಂಡೆ.

ಒಂದು ಸೋಮವಾರ ಶರಣಬಸವೇಶ್ವರರ ದರ್ಶನ ಮುಗಿಸಿ ಬರುವಾಗ ನಮ್ಮವರಿಗೆ ಹೋಟೆಲಿಗೆ ಹೋಗುವ ಹುಕಿ ಬಂತು. ಹೈದರಾಬಾದಿನಲ್ಲಿ ಕೆಲಸ ಕಲಿತವನೊಬ್ಬ ಹೊಸದಾಗಿ ಶಾಕಾಹಾರಿ ಹೋಟೆಲು ತೆರೆದಿದ್ದ. ಆಗ ನಿಜಾಮರ ಕಾಲ; ಬಾಗಿಲ ಮೇಲಿನ ಉರ್ದು ಬೋರ್ಡನ್ನು ನಮ್ಮವರೇ ಓದಿ ಹೇಳಿದರು, ಸಂಸಾರಸ್ಥರಿಗೆ ಬೇರೆ ಕೋಣೆ ಇದೆ ಎಂದು. ಕೋಣೆ ಎಂದರೆ ಒಂದು ಮೇಜು, ನಾಲ್ಕು ಕುರ್ಚಿ, ಮುಂದೊಂದು ಪರದೆ. ಅತ್ತೆ, ನಮ್ಮವರು, ನಾನು ಕೂತೆವು. ಹೋಟೆಲಿನವ ಪರದೆಯಾಚೆ ನಿಂತು ತನ್ನ ಸ್ಯಾಂಡ್‌ವಿಚ್ಚನ್ನು ವರ್ಣಿಸಿದ: ಡಬಲ್ ರೋಟಿಯ, ಅಂದರೆ ಬ್ರೆಡ್ಡಿನ, ನಡುವೆ ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿ ಚಟ್ನಿ.

“ಎಷ್ಟು ಪ್ಲೇಟ್ ಕೊಡ್ಲಿರಿ?”

“ಎರಡು,” ಎಂದರು ಅತ್ತೆ. “ಅಕಿ ಅವನ ತಾಟಿನ್ಯಾಗ ತಿಂತಾಳ.”

ಹೋಟೆಲಿನಲ್ಲೂ! ನನಗೆ ಮೈ ಉರಿದುಹೋಯಿತು. “ಮೂರು,” ಎಂದೆ, ಪರದೆ ದಾಟಿ ಕೇಳುವಂತೆ. “ನಂದರಾಗ ಉಳ್ಳಾಗಡ್ಡಿ ಬ್ಯಾಡ. ಟೊಮ್ಯಾಟೊ ಬ್ಯಾಡ. ಚಟ್ನಿನೂ ಬ್ಯಾಡ. ಬೆಣ್ಣಿ ಅಷ್ಟ ಹಚ್ರಿ. ಉಳ್ಳಾಗಡ್ಡಿ ಹೆಚ್ಚಿದ ಚಾಕು ತಾಗಸಬ್ಯಾಡ್ರಿ.”

ಮನೆಯ ಸೊಸೆ ಪರಗಂಡಸಿನೊಡನೆ ಮಾತಾಡಿದ್ದಕ್ಕೆ ಅತ್ತೆಯ ಮುಖ ಕೆಂಪಾಯಿತು. ಹೋಟೆಲಿನವ ಪರದೆಗೆ ಇನ್ನಷ್ಟು ಹತ್ತಿರ ಬಂದ.

“ಹಂಗಾದ್ರ ಅದು ಸ್ಯಾಂಡ್‌ವಿಚ್ ಆಗಂಗಿಲ್ಲ ತಾಯಿ.”

“ಆಗದಿದ್ರ ಬಿಡ್ಲಿ. ತಿನ್ನಾಕಿ ನಾನು.”

ಮೂರು ಪ್ಲೇಟ್ ಬಂದವು. ನನ್ನದನ್ನು ಎಳೆದುಕೊಂಡು ತಿನ್ನತೊಡಗಿದೆ. ಅಂಚು ಗಟ್ಟಿಯಾಗಿತ್ತು, ಬೆಣ್ಣೆ ಹಳತು. ಬೇರೆ ದಿನವಾಗಿದ್ದರೆ ಖಂಡಿತ ಮುಟ್ಟುತ್ತಿರಲಿಲ್ಲ. ಅವತ್ತು ಒಂದು ಚೂರೂ ಬಿಡಲಿಲ್ಲ. ನಮ್ಮವರು ತಲೆ ಎತ್ತಲಿಲ್ಲ.

ಅತ್ತೆ ತಮ್ಮದನ್ನು ಮುಟ್ಟದೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ದನಿ ತಗ್ಗಿಸಿ, “ನನಗ ಬ್ಯಾರೆ ತಾಟ ಯಾವಾಗ ಸಿಕ್ತು ಗೊತ್ತದ ಏನು? ನಿಮ್ಮ ಮಾವ ಹೋದ ಮ್ಯಾಲ,” ಎಂದರು.

ಆ ಮಾತು ಎದೆಗೆ ನಾಟಿತು. ಪಾಪ ಅನಿಸಿತು. ಆದರೆ ಸುಮ್ಮನಿರುವ ಬಾಯಿ ನನ್ನದಲ್ಲ. “ಅಲ್ಲೀತನಕ ಕಾಯೂದು ನನ್ನಿಂದಾಗಂಗಿಲ್ರೀ. ಇವ್ರು ನೂರು ವರ್ಷ ಬಾಳ್ಬೇಕು, ನಾನೂ ಹೊಟ್ಟಿ ತುಂಬ ಉಣ್ಬೇಕು.”

ಮರುದಿನವೇ ನನ್ನನ್ನು ಕಮಲಾಪುರಕ್ಕೆ ಸಾಗಹಾಕಿದರು, ಬುದ್ಧಿ ಬಂದ ಮೇಲೆ ಕರೆಸುತ್ತೇವೆ ಎಂದು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಒಂದು ತಾಟಿಗಾಗಿ ಗಂಡನ ಮನೆ ಕಳಕೊಂಡವಳು ಎಂದು ಓಣಿಯೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಎಂದು ನಾನು ಹೊಟ್ಟೆ ತುಂಬ ಉಂಡೆ. ಒಳಗೊಳಗೆ ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ. ಯಾರೂ ಕರೆಯಲು ಬಾರದಿದ್ದರೆ ಏನು ಗತಿ ಎಂದು ದಿನಾ ಯೋಚಿಸುತ್ತಿದ್ದೆ.

ಮೂರನೆಯ ವಾರ, ಸಂತೆಯ ದಿನ, ನಮ್ಮವರು ಮೋಟಾರು ಬಸ್ಸಿನಿಂದ ಇಳಿದರು. ಅದೇ ಮೋಟಾರು ಸಂಜೆ ತಿರುಗಿ ಕಲಬುರಗಿಗೆ ಹೋಗುವುದು. “ನಡಿ,” ಎಂದರು.

“ನನಗ ಬ್ಯಾರೆ ತಾಟ ಇಡ್ತೀರೇನು?”

ಅವರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು, ಸಂಜೆಯಾಯಿತು.

“ಹಂಗಿದ್ರ ಮೋಟಾರ ಬಿಡೂ ಹೊತ್ತಾತು, ನೀವು ಹೋಗ್ರಿ.”

ಮೋಟಾರು ಹೋಯಿತು. ಅವರು ಕಟ್ಟೆಯ ಮೇಲೆ ಕೂತೇ ಇದ್ದರು. ಬಹಳ ಹೊತ್ತಿನ ಮೇಲೆ “ಇಡ್ತೀನಿ,” ಎಂದರು.

“ಅತ್ತಿಯವರು ಬ್ಯಾಡಂದ್ರ?”

“ನಾನ ತೊಳದು ಇಡ್ತೀನಿ.”

ಮರುದಿನ ಅವರೊಡನೆ ಮೋಟಾರು ಹತ್ತಿದೆ. ಆದರೂ ಗಂಟಿನಲ್ಲಿ ತವರಿನ ತಾಟೊಂದನ್ನು ಇಟ್ಟುಕೊಂಡೇ ಹತ್ತಿದೆ; ಬರಿಯ ಮಾತಿನ ಮೇಲೆ ಅಷ್ಟೊಂದು ಭರವಸೆ ನನಗಿರಲಿಲ್ಲ.