ಹಗೇವಿನ ಮೇಲಿನ ಮನೆ

ನಮ್ಮ ಮನೆಯ ಗೋಡೆಯಲ್ಲೊಂದು ಜಾಲಿ ಗೂಟವಿದೆ; ಅದಕ್ಕೆ ನನ್ನ ಚಿಗವ್ವನ ಎಲೆಅಡಿಕೆ ಸಂಚಿ ತೂಗುತ್ತಿರುತ್ತದೆ. ಬಂದವರಾರೂ ಅದನ್ನು ಎರಡನೆಯ ಸಲ ನೋಡುವುದಿಲ್ಲ. ನಾನು ಮಾತ್ರ ದಿನಾ ನೋಡುತ್ತೇನೆ, ಸಂಚಿ ಅಲ್ಲೇ ಇದೆಯಲ್ಲ ಎಂದು.

ಮೊದಲು ಇದು ಮನೆಯಲ್ಲ, ದನದ ಕೊಟ್ಟಿಗೆ. ನಮ್ಮ ಹಿರಿಯರು ಎತ್ತುಗಳಿಗೆ ಕಲ್ಲಿನ ಗೋಡೆ ಕಟ್ಟಿ, ತಮಗೆ ಮಣ್ಣಿನದೇ ಸಾಕೆಂದುಕೊಂಡಿದ್ದರು. ಎತ್ತಿನ ಮೇಲೆ ಅಷ್ಟು ಪ್ರೀತಿಯೋ, ತಮ್ಮ ಆಯುಷ್ಯದ ಮೇಲೆ ಅಷ್ಟು ಭರವಸೆಯೋ, ತಿಳಿಯದು. ಹೋದ ವರ್ಷದ ಜಡಿಮಳೆಗೆ ಮಣ್ಣಿನ ಮನೆ ಕುಸಿದು ಕೂತಿತು. ಟ್ರ್ಯಾಕ್ಟರ್ ಬಂದಂದಿನಿಂದ ಖಾಲಿ ಬಿದ್ದಿದ್ದ ಕೊಟ್ಟಿಗೆ ನಿಂತೇ ಇತ್ತು. ಮೇವು ಹಾಕುವ ಗ್ವಾದಲಿಯನ್ನು ಒಡೆದು ಅಡುಗೆಕಟ್ಟೆ ಮಾಡಿದೆವು, ಕಿಟಕಿ ಕೊರೆಸಿದೆವು, ಸುಣ್ಣ ಬಳಿದೆವು. ಚಿಗವ್ವ ಮಾತ್ರ ಹೊಸ್ತಿಲು ದಾಟಲಿಲ್ಲ. ಮಕ್ಕಳಿಲ್ಲದ ಆಕೆಗೆ ನನ್ನನ್ನು ಬಿಟ್ಟರೆ ದಿಕ್ಕಿಲ್ಲ. ಆದರೂ ನೆರೆಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದಳು.

ಕಾರಣ ಊರಿಗೆಲ್ಲ ಗೊತ್ತು. ಕೊಟ್ಟಿಗೆಯ ಮೂಲೆಯಲ್ಲಿ ಹಗೇವು ಇತ್ತು, ನೆಲದೊಳಗೆ ಜೋಳ ತುಂಬಿಡುವ ಆಳವಾದ ಕುಣಿ. ಅದಕ್ಕಿಳಿಯುವ ಮುನ್ನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದರ್ಥ. ಆ ಕಂದೀಲಿಗೆಂದೇ ಈ ಗೂಟ. ಚಿಗವ್ವನ ಗಂಡ, ನನ್ನ ಕಾಕಾ, ಅಣ್ಣಿಗೇರಿ ಸಂತೆಗೆ ಜೋಳ ತೆಗೆಯಲೆಂದು, "ನಿನ್ನೆ ಇಳದಿದ್ನೆಲ್ಲ, ಇವತ್ತೇನಾಕ್ಕೈತಿ ಬಿಡ" ಎಂದು ಹಾಗೆಯೇ ಇಳಿದ. ರಾತ್ರಿ ಬಾಯಿ ಮುಚ್ಚಿಟ್ಟಿದ್ದ ಹಗೇವಿನಲ್ಲಿ ಗಾಳಿ ಕೆಟ್ಟಿತ್ತು. ಹೆಣವನ್ನು ಹಗ್ಗ ಹಾಕಿ ಎತ್ತಿದರು. ನಿನ್ನೆ ಬದುಕಿದ್ದೆವೆಂಬುದನ್ನೇ ಇವತ್ತಿಗೆ ರುಜುವಾತೆಂದು ನಂಬಿ ನಡೆಯುವವರು ನಾವೆಲ್ಲ, ಗೆಳೆಯರೇ; ಹೆಚ್ಚಿನ ದಿನ ಅದು ನಡೆದೂ ಹೋಗುತ್ತದೆ.

ಬಿದ್ದ ಮನೆಯ ಮಣ್ಣಿನಿಂದಲೇ ಹಗೇವು ಮುಚ್ಚೋಣವೆಂದು ಅದರ ಬಾಯಿಗಲ್ಲು ಸರಿಸಿದ ದಿನ, ಕಾಕಾ ಸತ್ತ ಮೇಲೆ ಮೊದಲ ಬಾರಿ ಚಿಗವ್ವ ಒಳಗೆ ಬಂದಳು.

"ಮದಲ ಕಂದೀಲ ಇಳಸಪಾ."

"ಯಾರೂ ಇಳಿಯೂದಿಲ್ಲಲ್ಲ ಚಿಗವ್ವ, ಮಣ್ಣ ಹಾಕೂದಷ್ಟ."

"ಇಳಸ ಅಂದ್ನಿ."

ಇಳಿಸಿದೆ. ಕಂದೀಲು ತಳ ಮುಟ್ಟಿಯೂ ಉರಿಯುತ್ತಲೇ ಇತ್ತು. ಆಕೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಇವತ್ತ ಉರಿಯಾಕತ್ತೈತಿ ನೋಡ," ಎಂದಳು. "ಹಗ್ಗ ಬಿಡ. ಅಲ್ಲೇ ಇರ್ಲಿ."

ಬಿಟ್ಟೆ. ಆಕೆ ಸೊಸೆಯಾಗಿ ಕಾಲಿಟ್ಟ ಮನೆಯ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಆ ಬೆಳಕಿನ ಮೇಲೆ ಸುರಿದೆವು. ಸಂಜೆಗೆ ಬರಿದಾದ ಗೂಟದಲ್ಲಿ ಸಂಚಿ ತೂಗುತ್ತಿತ್ತು. ನನಗೆ ಅಳು ಬಂತು.

ಆದರೆ ತುಂಬಿದ ಮಣ್ಣು ಬೇಗ ಕೂರುವುದಿಲ್ಲ. ಜೋರು ಮಳೆಯಾದಾಗಲೆಲ್ಲ ಆ ಮೂಲೆಯ ನೆಲ ಒಂದಿಷ್ಟು ತಗ್ಗುತ್ತದೆ. ಆಗ ಚಿಗವ್ವ ಸಂಚಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲ ಹೊರಗೆ ಹೋಗಿ ಕೂರುತ್ತಾಳೆ. ನಾನು ಮಣ್ಣು ಹಾಕಿ, ಬಡಿದು, ಸಾರಿಸಿದ ಮೇಲೆಯೇ ಒಳಗೆ ಬರುತ್ತಾಳೆ. ಅದಕ್ಕೇ ಎದ್ದೊಡನೆ ಗೂಟ ನೋಡುತ್ತೇನೆ. ಮೋಡ ಕವಿದ ದಿನ ಮತ್ತೆ ಮತ್ತೆ.