ಆಲಿಸುವ ಹೊತ್ತು

ಧಕ್ ಧಕ್, ಆಮೇಲೆ ಒಂದು ಉಸಿರು. ಮತ್ತೆ ಧಕ್ ಧಕ್. ಬೆಟ್ಟದ ಮೇಲಿನ ಈ ಊರಿನಲ್ಲಿ ಮಳೆಗಾಲದ ಬೆಳಗು ಕಣ್ಣಿಗೆ ಕಾಣುವ ಮೊದಲು ಹೀಗೆ ಕಿವಿಗೆ ಸಿಗುತ್ತದೆ. ಮಂಜು ಕಿಟಕಿಯ ಗಾಜಿಗೆ ಅಂಟಿಕೊಂಡು ನಿಂತಿರುತ್ತದೆ. ಎದುರು ಮನೆಯ ತಗಡಿನ ಸೂರು ಇದೆಯೋ ಹಾರಿಹೋಯಿತೋ ತಿಳಿಯುವುದಿಲ್ಲ. ಆದರೆ ಗಣಿಯ ಬಾಯಿಯ ಪಕ್ಕದ ಕಲ್ಲಿನ ಕೋಣೆಯಲ್ಲಿ ಪಂಪು ಓಡುತ್ತಿದೆ. ಅಂದರೆ ನೀರಪ್ಪ ಎದ್ದಿದ್ದಾನೆ, ಊರು ಇದ್ದಲ್ಲೇ ಇದೆ.

ನೀರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಗಣಿಯ ತಳದಿಂದ ನೀರೆತ್ತುವ ಕೆಲಸಕ್ಕೆ ಸೇರಿದವನಿಗೆ ಕೆಲಸವೇ ಹೆಸರನ್ನೂ ಕೊಟ್ಟಿತು. ಈಗ ಮೀಸೆ ಬೆಳ್ಳಗಾಗಿದೆ, ಗಣಿ ಮುಚ್ಚಿದೆ. ಅದಿರು ಹೊತ್ತು ಓಡುತ್ತಿದ್ದ ತಳ್ಳುಗಾಡಿಗಳಲ್ಲಿ ಹೂಗಿಡ ನೆಟ್ಟು ಬೀದಿಯುದ್ದಕ್ಕೂ ನಿಲ್ಲಿಸಿದ್ದಾರೆ. ಊರು ನೋಡಲು ಬಂದವರು ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೇಲಿನ ಸುರಂಗಕ್ಕೆ ದೀಪ ಹಾಕಿ, ಜನರಿಗೆ ಹಳದಿ ಟೋಪಿ ತೊಡಿಸಿ ಒಳಗೆ ಕರೆದೊಯ್ಯುತ್ತಾರೆ. ಕೆಳಗಿನ ಸುರಂಗಕ್ಕೆ ಯಾರೂ ಹೋಗುವುದಿಲ್ಲ. ಅಲ್ಲಿಂದ ನೀರು ಮಾತ್ರ ಮೇಲೆ ಬರುತ್ತದೆ.

ಆ ನೀರು ಬೆಚ್ಚಗಿರುತ್ತದೆ. ಬೆಟ್ಟದ ಹೊಟ್ಟೆಯ ಕಾವು ಅದರಲ್ಲಿ ಉಳಿದಿರುತ್ತದೆ. ದಪ್ಪ ಕಬ್ಬಿಣದ ಕೊಳವೆಯಿಂದ ಧುಮುಕಿ, ಕಲ್ಲಿನ ಚರಂಡಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬೀದಿಯ ಅಂಚಿನಲ್ಲಿ ಹೊಗೆಯಾಡುತ್ತ ಹರಿಯುತ್ತದೆ. ಹೆಂಗಸರು ಬಟ್ಟೆ ಒಗೆಯುವುದು ಅದರಲ್ಲೇ. 'ಪಾತಾಳದಲ್ಲಿ ಯಾವ ಪುಣ್ಯಾತ್ಮ ಒಲೆ ಹಚ್ಚಿ ಕೂತಿದ್ದಾನೋ, ನಮ್ಮ ಸೌದೆ ಉಳೀತು' ಎಂದು ನಗುತ್ತಾರೆ. ನೀರಪ್ಪನ ಅತ್ತಿಗೆ ಮಾತ್ರ ಆ ಮಾತಿಗೆ ನಗುವುದಿಲ್ಲ. ಬೆಳಗ್ಗೆ ಕಸ ಗುಡಿಸುವ ಮೊದಲು ಹೋಗಿ ಕೊಳವೆಯ ಬಾಯಿಗೆ ಕೈಯೊಡ್ಡಿ ಸ್ವಲ್ಪ ಹೊತ್ತು ನಿಂತು ಬರುತ್ತಾಳೆ.

ಆ ಮಳೆಗಾಲದಲ್ಲಿ ಅತ್ತಿಗೆಯ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬ ಮೇಷ್ಟ್ರಮ್ಮ ಬಂದು ಇಳಿದುಕೊಂಡಿದ್ದರು. ರಜೆಯಲ್ಲಿ ಹಳೆಯ ಊರುಗಳನ್ನು ನೋಡುವುದು ಅವರ ಹುಚ್ಚು. ಮಳೆ ಹಿಡಿದು ಹೊರಗೆ ಹೋಗಲಾಗದೆ, ಅಡುಗೆಮನೆಯಲ್ಲಿ ಚಹಾದ ಲೋಟ ಹಿಡಿದು ಮಾತಿಗೆ ಕೂತಿದ್ದರು. ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿತ್ತು.

"ಈ ಧಕ್ ಧಕ್ ನಿಮಗೆ ತಲೆನೋವು ತರಲ್ವಾ?" ಎಂದು ಅವರು ಕೇಳಿದ್ದೂ ಪಂಪು ನಿಂತದ್ದೂ ಒಂದೇ ಸಲಕ್ಕೆ ಆಯಿತು. ಮೇಷ್ಟ್ರಮ್ಮ ನಕ್ಕರು. "ನೋಡಿ, ನನ್ನ ಮಾತು ಕೇಳಿಸಿಕೊಂಡ್ಬಿಡ್ತು."

ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟಳು. ಒಲೆಯ ಉರಿ ತಗ್ಗಿಸಿದಳು. ಪಕ್ಕದ ಮನೆಯ ರೇಡಿಯೊ ಬಾಯಿ ಮುಚ್ಚಿತು. ಬೀದಿಯಲ್ಲಿ ಬಟ್ಟೆ ಕುಕ್ಕುವ ಸದ್ದು ನಿಂತಿತು. ಬಡಗಿಯ ಗರಗಸ ಮರದ ಅರ್ಧಕ್ಕೆ ಬಂದು ಅಲ್ಲೇ ತಡೆಯಿತು. ಸೂರಿನ ಮೇಲೆ ಮಳೆಯೊಂದೇ ಹೇಳಿದ ಮಾತು ಕೇಳದೆ ಸುರಿಯುತ್ತಿತ್ತು. ಆಮೇಲೆ ಮತ್ತೆ ಧಕ್ ಧಕ್ ಎಂದಿತು. ಬೀದಿಗೆ ಜೀವ ಬಂತು.

"ಏನಿದು?" ಎಂದರು ಮೇಷ್ಟ್ರಮ್ಮ, ತಗ್ಗಿದ ದನಿಯಲ್ಲೇ.

"ನಮ್ಮ ಮೈದುನ ದಿನಾ ಈ ಹೊತ್ತಿಗೆ ಪಂಪಿಗೆ ಎಣ್ಣೆ ಹಾಕ್ತಾನೆ."

"ಎಣ್ಣೆ ಹಾಕೋದಕ್ಕೆ ಊರೇ ಸುಮ್ಮನಾಗ್ಬೇಕಾ?"

"ಎಣ್ಣೆ ಅನ್ನೋದು ಅವನು ಹೇಳೋದು," ಎಂದಳು ಅತ್ತಿಗೆ. "ಊರಿಗೆಲ್ಲ ಗೊತ್ತು."

ಹೇಳಬೇಕೆಂದು ಆಕೆ ಹೇಳಿದ್ದಲ್ಲ. ಮಳೆ ಬಿಡಲಿಲ್ಲ, ಕೇಳುವವರು ಎದ್ದು ಹೋಗಲಿಲ್ಲ, ಹಾಗಾಗಿ ಮಾತು ತಾನಾಗಿ ಬಂತು. ಗಣಿ ಇನ್ನೂ ನಡೆಯುತ್ತಿದ್ದ ಕಾಲದ ಒಂದು ಮಳೆಗಾಲ. ಕೆಳಗಿನ ಸುರಂಗದ ಚಾವಣಿ ಕುಸಿದು ಮೂವರು ಆಚೆ ಸಿಕ್ಕಿಬಿದ್ದರು. ಅವರಲ್ಲಿ ಒಬ್ಬ ಆಕೆಯ ಗಂಡ, ನೀರಪ್ಪನ ಅಣ್ಣ. ಗಣಿಯವರಿಗೆ ಒಂದು ಪಾಠ ಮೊದಲ ದಿನವೇ ಕಲಿಸಿರುತ್ತಾರೆ: ಸಿಕ್ಕಿಬಿದ್ದರೆ ನೀರಿನ ಕೊಳವೆಗೆ ಬಡಿಯಿರಿ, ಕಬ್ಬಿಣ ಸದ್ದನ್ನು ಮೇಲಕ್ಕೆ ಮುಟ್ಟಿಸುತ್ತದೆ. ಆದರೆ ಪಂಪು ಓಡುತ್ತಿದ್ದರೆ ಆ ಸದ್ದು ಕೇಳಿಸುವುದಿಲ್ಲ. ಕೇಳಬೇಕೆಂದರೆ ಪಂಪು ನಿಲ್ಲಿಸಬೇಕು. ಪಂಪು ನಿಲ್ಲಿಸಿದರೆ ಕೆಳಗೆ ನೀರು ಏರುತ್ತದೆ.

"ಗುಂಡಿ ಒತ್ತೋನು ಇವನೇ," ಎಂದಳು ಅತ್ತಿಗೆ. "ಮೇಲಿನೋರು 'ನಿಲ್ಸು' ಅಂದಾಗ ನಿಲ್ಲಿಸ್ಬೇಕು, 'ಬಿಡು' ಅಂದಾಗ ಬಿಡಬೇಕು. ಆವತ್ತು ಊರಿಗೆ ಊರೇ ಉಸಿರು ಹಿಡ್ಕೊಂಡಿತ್ತು. ನನ್ನನ್ನೂ ಕರೆದು ಕೊಳವೆಗೆ ಕಿವಿ ಕೊಡಿಸಿದ್ರು. ಎರಡು ಬಡಿತ, ಸ್ವಲ್ಪ ಬಿಟ್ಟು ಒಂದು. ನಮ್ಮನೆಯವರು ಕೆಲಸ ಮುಗಿಸಿ ಬಂದು ಬಾಗಿಲು ತಟ್ತಿದ್ದದ್ದೂ ಹಾಗೇ. ಬಾಗಿಲು ತೆಗೆಯೋಕೆ ನಾನು ಎದ್ದೇಬಿಟ್ಟಿದ್ದೆ."

ಎರಡನೆಯ ದಿನ ಸಂಜೆಯ ಮೇಲೆ ಬಡಿತ ಕೇಳಲಿಲ್ಲ. ಕಲ್ಲು ತೆಗೆದಷ್ಟೂ ಜಾರಿತು. ಆಚೆಯವರನ್ನು ಹೊರಗೆ ತರಲು ಕೊನೆಗೂ ಆಗಲಿಲ್ಲ. ಕುಸಿದ ಜಾಗದ ಹಿಂದೆ ಸುರಂಗ ಸ್ವಲ್ಪ ಏರುಮುಖವಾಗಿದೆ, ಪಂಪು ಓಡುವಷ್ಟು ಕಾಲ ಅಲ್ಲಿಗೆ ನೀರು ಮುಟ್ಟುವುದಿಲ್ಲ ಎಂದು ಯಾರೋ ಸಮಾಧಾನಕ್ಕೆ ಹೇಳಿದರು. ನೀರಪ್ಪ ಆ ಮಾತನ್ನು ಹಿಡಿದುಕೊಂಡ. ಗಣಿ ಮುಚ್ಚಿದಾಗ ಉಳಿದವರು ಬೇರೆ ಕೆಲಸ ಹುಡುಕಿ ಇಳಿದು ಹೋದರು. ಅವನು ಮೇಲಿನ ಸುರಂಗಕ್ಕೆ ನೀರು ಏರಬಾರದೆಂಬ ನೆಪದಲ್ಲಿ ಪಂಪಿನ ಕೋಣೆಯಲ್ಲೇ ಉಳಿದ. ಮದುವೆಯ ಮಾತೆತ್ತಿದವರಿಗೆ "ಪಂಪನ್ನ ಯಾರು ನೋಡ್ಕೋತಾರೆ?" ಎಂದ. ಅದು ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು.

"ನಮ್ಮನೆಯವರಿಗೆ ನೀರು ಅಂದ್ರೆ ಆಗ್ತಿರ್ಲಿಲ್ಲ," ಎಂದಳು ಅತ್ತಿಗೆ ಲೋಟ ತೊಳೆಯುತ್ತ. "ಸ್ನಾನ ಅಂದ್ರೆ ಬೆಕ್ಕಿನ ಹಾಗೆ ಓಡೋರು. ಹಳ್ಳದಲ್ಲಿ ಮೊಣಕಾಲಿಂದ ಮೇಲೆ ನೆನೆದವರಲ್ಲ. ತಮ್ಮನಿಗೆ ಅದೇ ನೆನಪು."

ಮೇಷ್ಟ್ರಮ್ಮ ತಮ್ಮ ಲೋಟವನ್ನೂ ಆಕೆಯ ಕೈಗೆ ಕೊಟ್ಟರು.

ಮಾರನೆಯ ದಿನ ಪಂಪು ಶಾಶ್ವತವಾಗಿ ನಿಲ್ಲುವುದಿತ್ತು. ಹಿಂದಿನ ವಾರ ಬೆಟ್ಟವನ್ನು ಪರೀಕ್ಷಿಸಲು ಹೊರಗಿನಿಂದ ಒಬ್ಬ ಎಂಜಿನಿಯರ್ ಬಂದು ನೀರಪ್ಪನ ಎದುರು ಸ್ಟೂಲು ಎಳೆದುಕೊಂಡು ಕೂತು, ಆತುರವಿಲ್ಲದೆ ವಿವರಿಸಿದ್ದರು. ಒಳ್ಳೆಯ ಹುಡುಗ, ನೆನೆದ ಶೂ ಬಿಚ್ಚಿ ಬಾಗಿಲಲ್ಲಿಟ್ಟು ಒಳಗೆ ಬಂದವರು. ಕೆಳಗಿನ ಸುರಂಗಗಳು ಖಾಲಿ ಇರುವಷ್ಟು ಕಾಲ ಬೆಟ್ಟ ಒಳಗೊಳಗೇ ಕುಸಿಯುತ್ತದೆ. ನೀರು ತುಂಬಿ ನಿಂತರೆ ಅದೇ ಒಳಗಿನಿಂದ ಒತ್ತಾಸೆ. ಕೆಳಬೀದಿಯ ಮನೆಗಳ ಗೋಡೆ ಈಗಾಗಲೇ ಬಿರುಕು ಬಿಟ್ಟಿದೆ. ಇನ್ನೊಂದು ಮಳೆಗಾಲಕ್ಕೆ ಆ ಮನೆಗಳು ನಿಲ್ಲುವ ಭರವಸೆ ಇಲ್ಲ.

ನೀರಪ್ಪ ಒಂದೇ ಮಾತು ಕೇಳಿದ್ದ. "ನೀರು ಎಲ್ಲೀವರೆಗೆ ಏರುತ್ತೆ ಸಾರ್?"

"ಕೆಳಗಿನ ಸುರಂಗ ಪೂರ್ತಿ ತುಂಬುತ್ತೆ, ಯಜಮಾನ್ರೇ. ಮೇಲಿನದಕ್ಕೆ ಬರಲ್ಲ."

"ಹಾಗಾದ್ರೆ ನಿಲ್ಲಿಸೋದು ಬೇಡ."

ಒಂದು ವಾರ ಅವನು ಅದನ್ನೇ ಹೇಳಿದ. ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡು, ಊಟವನ್ನೂ ಪಂಪಿನ ಕೋಣೆಗೇ ತರಿಸಿಕೊಂಡ. ಎಂಜಿನಿಯರ್ ಬಾಗಿಲು ಮುರಿಸಬಹುದಿತ್ತು, ಮುರಿಸಲಿಲ್ಲ. ಊರಿನವರು ಯಾವ ಕಡೆಯ ಮಾತನ್ನೂ ಆಡಲಿಲ್ಲ. ಕೆಳಬೀದಿಯವರು ಅವನ ಎದುರು ಬಂದಾಗ ನೆಲ ನೋಡಿದರು.

ಆ ಸಂಜೆ ಅತ್ತಿಗೆ ಊಟ ಕಳಿಸಲಿಲ್ಲ. ಕಾದು ಕಾದು ನೀರಪ್ಪನೇ ಕೊಡೆ ಹಿಡಿದು ಕೆಳಬೀದಿಯಲ್ಲಿದ್ದ ಅತ್ತಿಗೆಯ ಮನೆಗೆ ಇಳಿದು ಬಂದ.

"ಊಟ ಎಲ್ಲಿ ಅತ್ತಿಗೆ?"

"ಇಲ್ಲೇ ಇದೆ. ಕಾಲು ನಿಂದಾ, ಪಂಪಿಂದಾ? ಬಂದು ತಿನ್ನು." ತಟ್ಟೆ ಇಟ್ಟಳು. "ಆ ಹುಡುಗ ನಿನ್ನ ಬಾಗಿಲಲ್ಲಿ ಮಳೇಲಿ ನಿಂತು ನಿಂತು ಶೀತ ಹಿಡಿಸ್ಕೊಂಡಿದೆ. ಹರಿಯೋ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ ಅಂತ ಗಾದೆ ಕೇಳಿದ್ದೆ. ದೊಣ್ಣೆನಾಯಕನ್ನ ನೋಡಿದ್ದು ಈಗಲೇ."

ನೀರಪ್ಪ ತುತ್ತು ಎತ್ತಿದವನು ಹಾಗೇ ಇಳಿಸಿದ. "ನೀವೂ ಹೀಗಂದ್ರೆ ಹೇಗೆ ಅತ್ತಿಗೆ? ಅಣ್ಣ ಅಲ್ಲಿದ್ದಾನೆ."

"ಗೊತ್ತು."

"ನೆನೀತಾನೆ."

ಅತ್ತಿಗೆ ಎದ್ದಳು. ದೀಪ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದಳು. ಅವನು ಕೈ ತೊಳೆಯದೆ ಹಿಂದೆ ಹೋದ. ಆ ಕೋಣೆಗೆ ಅವನು ಬಂದು ಎಷ್ಟೋ ಕಾಲವಾಗಿತ್ತು. ಗೋಡೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ನಡುವೆ, ಕೈ ತೂರುವಷ್ಟು ಅಗಲವಾದ ಕಡೆ, ಒಂದು ದಪ್ಪ ಬಟ್ಟೆ ತುರುಕಿತ್ತು. ಅದರ ತುದಿಯಿಂದ ನೀರು ತೊಟ್ಟಿಕ್ಕಿ ಕೆಳಗಿಟ್ಟ ಪಾತ್ರೆಗೆ ಬೀಳುತ್ತಿತ್ತು. ನೀರಪ್ಪ ಹತ್ತಿರ ಹೋದ. ಬಟ್ಟೆಯಲ್ಲಿ ಒಂದು ಹಿತ್ತಾಳೆಯ ಗುಂಡಿ ಕಾಣಿಸಿತು. ಅದರ ಜೊತೆಯದು ಬಿದ್ದುಹೋಗಿ, ಅದೇ ಜಾಗಕ್ಕೆ ಕಪ್ಪು ದಾರದಲ್ಲಿ ಬೇರೆ ಬಣ್ಣದ ಗುಂಡಿ ಹೊಲಿದಿತ್ತು. ಅಣ್ಣನ ಕೆಲಸದ ಕೋಟು. ಸುರಂಗ ಕುಸಿದ ದಿನ ಒಣಗಿರಲಿಲ್ಲವೆಂದು ಅವನು ಮನೆಯಲ್ಲೇ ಬಿಟ್ಟು ಹೋಗಿದ್ದ ಕೋಟು.

"ಇದನ್ನ ಯಾಕೆ ಇಲ್ಲಿ..."

"ಬೇರೆ ಯಾವ ಬಟ್ಟೆಯೂ ನಿಲ್ಲಲಿಲ್ಲ ಕಣೋ. ಇದು ದಪ್ಪ." ಅತ್ತಿಗೆ ಪಾತ್ರೆಯ ನೀರು ಹೊರಗೆ ಚೆಲ್ಲಿ ಬಂದು ಮತ್ತೆ ಇಟ್ಟಳು. "ಮೂರು ಮಳೆಗಾಲದಿಂದ ಅವರೇ ಈ ಗೋಡೆ ಹಿಡ್ಕೊಂಡಿದ್ದಾರೆ. ನೆನೆದೂ ಆಗಿದೆ."

ಮೇಲೆ ಪಂಪು ಓಡುತ್ತಲೇ ಇತ್ತು.

"ಆವತ್ತು ನಾನು ನಿಲ್ಲಿಸಿದಾಗೆಲ್ಲ," ಎಂದ ನೀರಪ್ಪ. "ಪ್ರತಿ ಸಲ ನಿಲ್ಲಿಸಿದಾಗಲೂ ಕೆಳಗೆ ನೀರು ಏರ್ತಿತ್ತು ಅತ್ತಿಗೆ. ನಂಗೆ ಗೊತ್ತಿತ್ತು. ಗೊತ್ತಿದ್ದೇ ಒತ್ತಿದೆ."

"ನೀನು ನಿಲ್ಲಿಸಿದ್ದಕ್ಕೇ ಅಲ್ವಾ ನಂಗೆ ಅವರ ಸದ್ದು ಕೇಳಿದ್ದು?" ಆಕೆ ಕೋಟಿನ ತುದಿ ಹಿಂಡಿದಳು. "ನಿಲ್ಲಿಸದೇ ಇದ್ದಿದ್ರೆ ನನ್ನ ಪಾಲಿಗೆ ಏನಿರ್ತಿತ್ತು ಹೇಳು. ಬೆಳಗ್ಗೆ ಹೊರಟೋರು ಬರಲಿಲ್ಲ, ಅಷ್ಟೇ. ಎರಡು ದಿನ ನೀನು ನಂಗೆ ಅವರನ್ನ ಕೇಳಿಸಿದೆ. ಅದರಲ್ಲೇ ಇಷ್ಟು ವರ್ಷ ಕಳೆದಿದ್ದೀನಿ. ಬಾ, ಅನ್ನ ಆರ್ತಿದೆ."

ಮಾರನೆಯ ದಿನ ಮಳೆ ಹಾಗೇ ಇತ್ತು. ನೀರಪ್ಪ ಪಂಪಿನ ಕೋಣೆ ಗುಡಿಸಿದ. ಚಕ್ರದ ಹಲ್ಲುಗಳಿಗೆ ಎಣ್ಣೆ ಹಾಕಿದ, ಈ ಸಲ ನಿಜವಾಗಿಯೂ. ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಕಿಟಕಿಯ ಮೇಲಿಟ್ಟ. ಎಂಜಿನಿಯರ್ ಬಂದು, ಬಾಗಿಲು ತೆರೆದಿರುವುದನ್ನು ಕಂಡು, ಹೊಸ್ತಿಲಲ್ಲೇ ನಿಂತರು.

"ನಾನೇ ಒತ್ತುತ್ತೀನಿ," ಎಂದ ನೀರಪ್ಪ. "ಎಣ್ಣೆ ಹಾಕೋ ಹೊತ್ತಿಗೆ."

ಆ ಹೊತ್ತಿಗೆ ಒತ್ತಿದ. ಧಕ್ ಎಂದದ್ದು ಇನ್ನೊಂದು ಧಕ್‌ಗೆ ಕಾಯದೆ, ದೀರ್ಘವಾಗಿ ಒಂದು ಉಸಿರು ಬಿಟ್ಟು ಸುಮ್ಮನಾಯಿತು.

ಊರೂ ಸುಮ್ಮನಾಯಿತು. ಗರಗಸ ನಿಂತಿತು, ರೇಡಿಯೊ ನಿಂತಿತು. ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಮೇಷ್ಟ್ರಮ್ಮ ಕೂಡ ಕೊಡೆಯಡಿ ಮೆಟ್ಟಿಲ ಮೇಲೆ ಅಲುಗಾಡದೆ ನಿಂತಿದ್ದರು. ದಿನಾ ಎಷ್ಟು ಹೊತ್ತು ಸುಮ್ಮನಿರುತ್ತಿದ್ದರೋ ಅಷ್ಟು ಹೊತ್ತು ಕಳೆಯಿತು. ಇನ್ನೂ ಕಳೆಯಿತು. ಯಾವಾಗ ಮಾತಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಅದನ್ನು ಹೇಳುತ್ತಿದ್ದದ್ದು ಪಂಪು.

ಮೊದಲು ಮಾತಾಡಿದ್ದು ಎಂಜಿನಿಯರ್. ಪಾಪ, ಹೊರಗಿನ ಹುಡುಗ. ಶೀತದ ದನಿಯಲ್ಲಿ, ಮೆಲ್ಲಗೆ, ಗಾಯದ ಮೇಲೆ ಹತ್ತಿ ಇಡುವ ಹಾಗೆ ಹೇಳಿದರು. "ನಿಮ್ಮ ಕೆಲಸ ಹೋಗಲ್ಲ ಯಜಮಾನ್ರೇ. ಮೇಲಿನ ಸುರಂಗ ತೋರಿಸೋಕೆ ಜನ ಬೇಕು. ನಿಮಗಿಂತ ಚೆನ್ನಾಗಿ ಯಾರು ಹೇಳ್ತಾರೆ? ಬಂದವರಿಗೆ ನೀವು ಪಂಪಿನ ಕಥೆ..."

ನೀರಪ್ಪ ಕೇಳುತ್ತಿರುವಂತೆ ತಲೆಯಾಡಿಸುತ್ತಿದ್ದ. ಕಣ್ಣು ಕಿಟಕಿಯಾಚೆ ಇತ್ತು. ಅಲ್ಲಿ ಕೊಳವೆಯ ಬಾಯಲ್ಲಿ ಅತ್ತಿಗೆ ಕೈಯೊಡ್ಡಿ ನಿಂತಿದ್ದಳು. ಧುಮುಕುತ್ತಿದ್ದ ನೀರು ಹಗ್ಗದಷ್ಟಾಗಿ, ದಾರದಷ್ಟಾಗಿ, ಹನಿಯಾಯಿತು. ಹೊಗೆ ಆಡುವುದು ನಿಂತಿತು. ಮಳೆಯ ತಣ್ಣೀರು ಚರಂಡಿಯನ್ನು ತುಂಬಿಕೊಂಡಿತು. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬಗ್ಗಿ, ತಲೆಯನ್ನು ಓರೆ ಮಾಡಿ, ಕೊಳವೆಗೆ ಕಿವಿಯಿಟ್ಟಳು.

"...ಮಳೆಗಾಲ ಮುಗಿದ ಮೇಲೆ ಸೇರಿಕೊಂಡ್ರೂ ಆಯ್ತು, ಅವಸರವೇನಿಲ್ಲ. ಏನಂತೀರಿ? ಇದೇ ಕೋಣೇನ ನಿಮಗೆ..."

ನೀರಪ್ಪ ಕೊಡೆಯನ್ನು ಅಲ್ಲೇ ಬಿಟ್ಟು, ಎಂಜಿನಿಯರ್ ಬಿಚ್ಚಿಟ್ಟಿದ್ದ ಶೂ ದಾಟಿ, ಅತ್ತಿಗೆ ನಿಂತಿದ್ದ ಕಡೆಗೆ ಮಳೆಯಲ್ಲಿ ನಡೆದ.